ದನಕ್ಕೆ ಹೇಳಿದ್ದು, ತಮ್ಮ ಕೇಳಿದ್ದು

ನೀವು ಯಾವಾಗಲಾದರೂ ಬಜೆಯ ರುಚಿ ನೋಡಿದ್ದೀರಾ? ನೋಡಿಲ್ಲವಾದರೆ ನೋಡಬೇಡಿ. ಮೊನ್ನೆ ಮೂಡುಬಿದಿರೆ ಪೇಟೆಯ ಜಿನಸಿನ ಅಂಗಡಿಯಿಂದ ತಂದ ಓಮದ ಕಟ್ಟು ಬಿಚ್ಚಿದರೆ ಒಳಗೆ ಗಂಟುಗಂಟಾದ ಬೇರಿನ ತುಂಡೊಂದು ಸೇರಿಕೊಂಡಿತ್ತು. ಮೂಸಿದೆ, ಸಂಶಯ ಹೋಗಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಮಾಡಬಾರದ ಕೆಲಸ ಮಾಡಿದೆ, ನೆಕ್ಕಿದೆ. ಬಜೆಯೇ. ಖಾರ, ಕಹಿ, ಅದರ ಮೇಲೊಂದು ಔಷಧದ ಘಾಟು. ಸೊಸೆ ಒಳಗಿನಿಂದ ಏನೋ ಕೇಳಿದಳು, ನನಗೆ ನಾಲಿಗೆ ಹೊರಳಲಿಲ್ಲ. "ಅತ್ತೆಗೆ ಏನಾಯ್ತು, ಮಾತೇ ಇಲ್ಲ?" ಎಂದು ಅವಳು ಗಾಬರಿಯಿಂದ ಓಡಿ ಬಂದಳು. ನಾನು ಸುಮ್ಮನಿದ್ದರೆ ನಮ್ಮ ಮನೆಯಲ್ಲಿ ಡಾಕ್ಟರನ್ನು ನೆನೆಯುತ್ತಾರೆ.

ತಮಾಷೆಯೆಂದರೆ ಈ ಬಜೆಯನ್ನು ನಮ್ಮ ಕಡೆ ಮಕ್ಕಳಿಗೆ ಕೊಡುವುದು ಮಾತು ಬರಲೆಂದು. ಕಲ್ಲಿನ ಮೇಲೆ ತೇದು, ಜೇನು ಸೇರಿಸಿ, ಬೆರಳ ತುದಿಯಿಂದ ನಾಲಿಗೆಗೆ ಹಚ್ಚುತ್ತಾರೆ. ನನ್ನ ತಮ್ಮ ವಾಮನನಿಗೆ ಎಷ್ಟು ಬಜೆ ಹಚ್ಚಿದೆವೋ ಲೆಕ್ಕವಿಲ್ಲ. ಅವನು ಮುಖ ಸಿಂಡರಿಸಿ ಉಗುಳುತ್ತಿದ್ದ. ಬಟ್ಟಲಿನಲ್ಲಿ ಉಳಿದದ್ದನ್ನು ಜೇನಿನ ಆಸೆಗೆ ನಾನು ಬಳಿದು ತಿನ್ನುತ್ತಿದ್ದೆ. ಅವನ ಪಾಲಿನ ಮಾತೆಲ್ಲ ನನಗೇ ಬಂತು ಎಂದು ಆಮೇಲೆ ಮನೆಯಲ್ಲಿ ಹೇಳುವುದಿತ್ತು. ಆ ವರ್ಷ ಮಾತ್ರ ಯಾರೂ ಹಾಗೆ ನಗುತ್ತಿರಲಿಲ್ಲ. ವಾಮನನಿಗೆ ಎರಡೂವರೆ ವರ್ಷ ದಾಟಿತ್ತು, ಒಂದೇ ಒಂದು ಮಾತು ಬಂದಿರಲಿಲ್ಲ.

ನಾವಿದ್ದದ್ದು ವೇಣೂರಿನಲ್ಲಿ, ಶಾಲೆಯ ಹಿಂದಿನ ಸಣ್ಣ ಹಂಚಿನ ಮನೆಯಲ್ಲಿ. ಅಪ್ಪ ಅದೇ ಶಾಲೆಯ ಮಾಸ್ತರರು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ನಾನು, ವಾಮನ. ಹಟ್ಟಿಯಲ್ಲಿ ಬೊಳ್ಳಿ ಎಂಬ ಬಿಳಿ ದನ. ಬೊಳ್ಳಿಯನ್ನು ಮನೆಯವರ ಪಟ್ಟಿಗೆ ಸೇರಿಸಿದ್ದಕ್ಕೆ ಕಾರಣ ಉಂಟು, ಹೇಳುತ್ತೇನೆ.

ಅದಕ್ಕೂ ಮೊದಲು ನನ್ನ ಅಪರಾಧವನ್ನು ಹೇಳಿಬಿಡಬೇಕು. ನಾನು ಒಂದನೆಯ ಕ್ಲಾಸಿನಲ್ಲಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರರು ಬಂದರು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರುವ ಮಾತು ಎಲ್ಲರ ಬಾಯಲ್ಲಿದ್ದ ಕಾಲ. ಇನ್ನು ಮುಂದೆ ಕಚೇರಿ, ಕೆಲಸ ಎಲ್ಲ ಕನ್ನಡದಲ್ಲೇ ಎಂದು ಅಪ್ಪ ಉಬ್ಬಿಹೋಗಿದ್ದರು. ಮಾಸ್ತರರ ಮಗಳೆಂದು ನನ್ನನ್ನು ಮುಂದೆ ನಿಲ್ಲಿಸಿದರು. "ಬೆಳಿಗ್ಗೆ ಏನು ತಿಂದೆ ಮಗು?" ಎಂದು ಇನ್‌ಸ್ಪೆಕ್ಟರರು ಕೇಳಿದರು. ಇಷ್ಟು ಪ್ರೀತಿಯಿಂದ ಯಾರು ಕೇಳುತ್ತಾರೆ? ನಾನು ಗಂಜಿಯಿಂದ ಶುರುಮಾಡಿ, ಉಪ್ಪಿನಕಾಯಿಗೆ ಬಂದು, ಅದಕ್ಕೆ ಉಪ್ಪು ಹೆಚ್ಚಾದ ವಿಷಯದಲ್ಲಿ ಅಮ್ಮನಿಗೂ ಅಜ್ಜಿಗೂ ಆದ ಚರ್ಚೆಯನ್ನೂ ವಿವರಿಸಿದೆ. ಎಲ್ಲವನ್ನೂ ತುಳುವಿನಲ್ಲಿ. ಇನ್‌ಸ್ಪೆಕ್ಟರರು ನಕ್ಕರು. "ಮಾಸ್ತರರೇ, ಊರಿಗೆಲ್ಲ ಕನ್ನಡ ಹಂಚುತ್ತೀರಿ, ಮನೆಗೆ ಉಳಿಸಿಕೊಳ್ಳಲಿಲ್ಲವೇ?" ಎಂದರು. ಅವರು ತಮಾಷೆಗೆ ಹೇಳಿದ್ದು. ಅಪ್ಪ ಅದನ್ನು ಎದೆಗೆ ಹಚ್ಚಿಕೊಂಡರು.

ಮಾರನೆಯ ವರ್ಷ ವಾಮನ ಹುಟ್ಟಿದ. ತೊಟ್ಟಿಲಿಗೆ ಹಾಕಿದ ದಿನವೇ ಅಪ್ಪ ಜಗಲಿಯಲ್ಲಿ ನಿಂತು ಅಪ್ಪಣೆ ಹೊರಡಿಸಿದರು.

"ಈ ಮಗುವಿನ ಎದುರು ಇನ್ನು ತುಳು ಬೇಡ. ಇವನು ಕನ್ನಡದಲ್ಲೇ ಬೆಳೆಯಬೇಕು. ಇವನಿಗೆ ಯಾರ ಮುಂದೆಯೂ ತಲೆತಗ್ಗಿಸುವ ಹಾಗೆ ಆಗಬಾರದು."

ಅಜ್ಜಿ ತೊಟ್ಟಿಲ ಹಗ್ಗ ಹಿಡಿದುಕೊಂಡಿದ್ದಳು. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು. "ನನಗೆ ಬರುವುದು ಅದೊಂದೇ ಮಗ. ಅದು ಬೇಡವಾದರೆ ನಾನು ಇವನ ಹತ್ತಿರ ಮಾತಾಡುವುದಿಲ್ಲ. ಆಯ್ತಲ್ಲ?"

"ಸ್ವಲ್ಪ ಸಮಯ ಅಷ್ಟೇ ಅಮ್ಮ. ಅವನು ಶಾಲೆಗೆ ಸೇರುವವರೆಗೆ."

"ಆಯ್ತು. ಮಾತು ಕೊಟ್ಟೆ" ಅಂದಳು ಅಜ್ಜಿ, ಹಗ್ಗ ಬಿಟ್ಟು ಎದ್ದು ಹೋದಳು.

ಅಜ್ಜಿಯ ಹಟ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ. ಒಮ್ಮೆ ಅವಳ ಅಣ್ಣ ಮಜ್ಜಿಗೆ ನೀರಾಗಿದೆ ಎಂದದ್ದಕ್ಕೆ ಅವನಿಗೆ ಹನ್ನೊಂದು ವರ್ಷ ಮಜ್ಜಿಗೆ ಬಡಿಸದವಳು ಅವಳು. ಕೊಟ್ಟ ಮಾತೆಂದರೆ ಮಾತು. ವಾಮನನನ್ನು ಎತ್ತುತ್ತಿದ್ದಳು, ಎಣ್ಣೆ ಹಚ್ಚಿ ಮೀಯಿಸುತ್ತಿದ್ದಳು, ಉಣ್ಣಿಸುತ್ತಿದ್ದಳು, ಎಲ್ಲ ಬಾಯಿ ಮುಚ್ಚಿಕೊಂಡು. ಕರೆಯಬೇಕಾದರೆ ಬೀಗದ ಕೈ ಗೊಂಚಲು ಅಲ್ಲಾಡಿಸುವಳು, ಬೇಡವೆಂದರೆ ಬೆರಳು ಆಡಿಸುವಳು.

ಉಳಿದ ನಾವು ಕನ್ನಡ ಮಾತಾಡಿದೆವೇ? ಮಾತಾಡಿದೆವು, ಇದ್ದಷ್ಟು. ಅಮ್ಮ ತೋಡಾರಿನವಳು, ಮೂರನೆಯ ಕ್ಲಾಸಿನವರೆಗೆ ಓದಿದ್ದಳು. ಅವಳ ಕನ್ನಡದಲ್ಲಿ ನಾಲ್ಕು ಮಾತು: ಬಾ, ಉಣ್ಣು, ಮಲಗು, ಬೇಡ. ಮಗನನ್ನು ಮುದ್ದು ಮಾಡಲು ಬೇಕಾದ ಮಾತುಗಳು ಆ ಮೂರು ಕ್ಲಾಸಿನ ಪುಸ್ತಕದಲ್ಲಿ ಇರಲಿಲ್ಲ. ಅಪ್ಪನದೋ ಶುದ್ಧ ಪುಸ್ತಕದ ಕನ್ನಡ. ಶಾಲೆಯಿಂದ ಬಂದು ಕೈಕಾಲು ತೊಳೆದು, ತೊಟ್ಟಿಲ ಬಳಿ ನಿಂತು, "ಮಗುವೇ, ನೀನು ಹಾಲನ್ನು ಕುಡಿದೆಯಾ?" ಎಂದು ವಿಚಾರಿಸುತ್ತಿದ್ದರು. ಮಗು ಅವರನ್ನು ಇನ್‌ಸ್ಪೆಕ್ಟರರನ್ನು ನೋಡುವ ಹಾಗೆ ನೋಡುತ್ತಿತ್ತು.

ನನ್ನ ಪಾಡು ಬೇರೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಅಪ್ಪಣೆಯಾದ ಮೇಲೆ ನಾನು ಅಪ್ಪ ಎಂದು ಕೂಗಿದರೆ ಅಡುಗೆಮನೆಯಿಂದ ಅಮ್ಮ ಓಗೊಡುವಳು. ಒಂದು ತಿಂಗಳು ನನಗೆ ಬೇಕಾದವರು ಯಾರೂ ಸಿಗಲಿಲ್ಲ.

ಮಗು ಎಚ್ಚರವಿದ್ದರೆ ಮನೆಯಲ್ಲಿ ಪರೀಕ್ಷೆಯ ಕೋಣೆಯ ಮೌನ. ದೊಡ್ಡವರಿಗೆ ಮಾತಾಡಲೇಬೇಕೆನಿಸಿದರೆ ಅಂಗಳಕ್ಕೆ ಇಳಿದು ಪಿಸುಗುಟ್ಟುವುದು. ಬಾಯಿಗೆ ಬೀಗ ಹಾಕಿದ ಆ ಮನೆಯಲ್ಲಿ ವಾಮನ ನಡೆಯಲು ಕಲಿತ, ಓಡಲು ಕಲಿತ, ಬೆರಳು ತೋರಿಸಿ ಬೇಕಾದ್ದನ್ನು ಪಡೆಯಲು ಕಲಿತ. ಕಿವಿ ಚುರುಕು, ಸೇತುವೆಯ ಆಚೆ ಬಸ್ಸಿನ ಸದ್ದಾದರೆ ನಮಗಿಂತ ಮೊದಲು ಜಗಲಿಗೆ ಓಡುತ್ತಿದ್ದ. ಮಾತು ಮಾತ್ರ ಇಲ್ಲ.

ಎದುರು ಮನೆಯ ಪದ್ಮಕ್ಕನ ಹತ್ತಿರ ಎಲ್ಲದಕ್ಕೂ ಮದ್ದು ಇರುತ್ತಿತ್ತು. ಬಜೆ ತಂದುಕೊಟ್ಟವರು ಅವರೇ. ದೇವಸ್ಥಾನದ ಗಂಟೆಯನ್ನು ತೊಳೆದ ನೀರು ಕುಡಿಸಲು ಹೇಳಿದವರೂ ಅವರೇ. ಅಪ್ಪನೆದುರು ಅವರಿಗೂ ಕನ್ನಡವೇ ಆಗಬೇಕಿತ್ತು. ಒಂದು ದಿನ ವಾಮನನ ಗಲ್ಲ ಹಿಡಿದು ಬಾಯೊಳಗೆ ನೋಡಿ, "ನಾಲಿಗೆ ಅಡಿಯಲ್ಲಿ ಅಂಟಿಕೊಂಡುಂಟು ಮಾಸ್ಟ್ರೇ. ಸ್ವಲ್ಪ ಕೊಯ್ದರೆ ಸರಿ ಆಗ್ತದೆ" ಅಂದರು. ಅಮ್ಮ ವಾಮನನನ್ನು ಕಿತ್ತುಕೊಂಡು ಒಳಗೆ ಹೋದಳು. ಪದ್ಮಕ್ಕ ಅಂಗಳ ದಾಟುವಾಗ ತುಳುವಿನಲ್ಲಿ, ನಮಗೆ ಕೇಳದು ಎಂದುಕೊಂಡು, ಪಾಪ ಮೂಗ ಎಂದರು.

ಆ ಮಾತು ನನಗೆ ಕೇಳಿತು. ಅಪ್ಪನಿಗೂ ಕೇಳಿತು.

"ದೀಪಾವಳಿ ಕಳೆದ ಸೋಮವಾರ ಮಂಗಳೂರಿಗೆ ಕರಕೊಂಡು ಹೋಗ್ತೇನೆ" ಎಂದರು ಅಪ್ಪ. "ದೊಡ್ಡ ಡಾಕ್ಟರು ನೋಡಲಿ. ಕೊಯ್ಯಬೇಕು ಅಂದರೆ ಕೊಯ್ಯಲಿ."

ಕೊಯ್ಯುವುದು! ನನಗೆ ಹತ್ತು ವರ್ಷ. ನಾನು ಇನ್‌ಸ್ಪೆಕ್ಟರರ ಮುಂದೆ ಉಪ್ಪಿನಕಾಯಿಯ ಕಥೆ ಹೇಳಿದ್ದರಿಂದ ತಾನೇ ಇಷ್ಟೆಲ್ಲ ಆದದ್ದು? ನನ್ನ ಬಾಯಿಯ ತಪ್ಪಿಗೆ ತಮ್ಮನ ನಾಲಿಗೆ ಕೊಯ್ಯುತ್ತಾರೆ. ದೀಪಾವಳಿಗೆ ಇನ್ನೂ ಮೂರು ತಿಂಗಳಿತ್ತು. ಅಷ್ಟರಲ್ಲಿ ಇವನಿಗೆ ಮಾತು ಬರಿಸಿಯೇ ಸಿದ್ಧ ಎಂದು ಟೊಂಕ ಕಟ್ಟಿ ನಿಂತೆ.

ಮಾಸ್ತರರ ಮಗಳು, ಮಾಸ್ತರರ ದಾರಿಯನ್ನೇ ಹಿಡಿದೆ. ಸ್ಲೇಟು ತಂದು ಅದರಲ್ಲಿ ಹಸುವಿನ ಚಿತ್ರ ಬರೆದೆ. "ವಾಮನಾ, ಇದು ಏನು? ಇದು ಹಸು. ಹೇಳು, ಹಸು." ಇಲ್ಲ. ಮರದ ಚಿತ್ರ. "ಇದು ಏನು? ಮರ. ಹೇಳು." ಇಲ್ಲ. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಹೇಳಿದರೆ ಬೆಲ್ಲ ಕೊಡುತ್ತೇನೆ ಎಂದೆ. ಅವನು ಬೆಲ್ಲದ ಡಬ್ಬಿಯನ್ನು ಬೆರಳು ಮಾಡಿ ತೋರಿಸಿದ. ಹೇಳಿದರೆ ಮಾತ್ರ ಎಂದು ಗದರಿದೆ, ಅತ್ತ. ಒಂದು ವಾರದೊಳಗೆ ಸ್ಲೇಟು ಕಂಡರೆ ಸಾಕು, ಅವನು ಮಂಚದ ಅಡಿಗೆ ನುಗ್ಗುತ್ತಿದ್ದ. ಇಡೀ ಊರಿನಲ್ಲಿ ಅವನು ಹೆದರುತ್ತಿದ್ದದ್ದು ನನಗೊಬ್ಬಳಿಗೆ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಮಂಚದ ಅಡಿಯಲ್ಲೂ ಅವನಿರಲಿಲ್ಲ. ಹುಡುಕುತ್ತಾ ಹಟ್ಟಿಯ ಹಿಂದೆ ಬಂದೆ. ಒಳಗೆ ಅಜ್ಜಿಯ ದನಿ. ಮನೆಯೊಳಗೆ ಅಗುಳಿ ಹಾಕಿದ ಬಾಗಿಲಿನಂತೆ ಸುಮ್ಮನಿರುತ್ತಿದ್ದ ಅಜ್ಜಿ ಇಲ್ಲಿ ಹಾಲು ಕರೆಯುತ್ತಾ ಬೊಳ್ಳಿಯ ಹತ್ತಿರ ಧಾರಾಳವಾಗಿ ಮಾತಾಡುತ್ತಿದ್ದಳು.

"ಏನು ಮಗಾ, ರಾತ್ರಿ ನಿದ್ದೆ ಬಂತಾ?" ಸ್ವಲ್ಪ ಹೊತ್ತು ಸುಮ್ಮನೆ, ಹಾಲಿನ ಧಾರೆಯ ಸದ್ದು ಮಾತ್ರ. "ಬರಲಿಲ್ಲವಂತೆ. ಸೊಳ್ಳೆಯಂತೆ. ಈಗ ಅಕ್ಕಿ ತೊಳೆದ ಅಕ್ಕಚ್ಚು ಬೇಕಾ?" ಮತ್ತೆ ಸುಮ್ಮನೆ. ಬೊಳ್ಳಿ ಕಿವಿ ಅಲ್ಲಾಡಿಸಿತು. "ಬೇಕಂತೆ. ಕೊಡುವ, ಕೊಡುವ."

ಬೈಹುಲ್ಲಿನ ಹಿಂದೆ ವಾಮನ ಅಡಗಿ ಕುಳಿತಿದ್ದ. ನನ್ನಿಂದ ತಪ್ಪಿಸಿಕೊಂಡು ಬಂದವನು ಬಾಯಿ ತೆರೆದು, ಅಜ್ಜಿಯ ಮುಖವನ್ನೂ ಬೊಳ್ಳಿಯ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ಅಜ್ಜಿ ಪ್ರಶ್ನೆ ಕೇಳಿ ನಿಂತಾಗೆಲ್ಲ ಅವನ ತುಟಿ ಅಲುಗುತ್ತಿತ್ತು. ನಾನು ಹಟ್ಟಿಯ ಕಂಬ ಹಿಡಿದುಕೊಂಡು ನಿಂತುಬಿಟ್ಟೆ.

ಅಂದು ಮಧ್ಯಾಹ್ನ ಅಜ್ಜಿಯನ್ನು ಹಿಡಿದೆ. "ಅಜ್ಜೀ, ನೀನು ಅವನ ಹತ್ತಿರ ಮಾತಾಡು. ಅಪ್ಪನಿಗೆ ನಾನು ಹೇಳುವುದಿಲ್ಲ."

"ಮಾತು ಕೊಟ್ಟಾಗಿದೆ" ಅಂದಳು ಅಜ್ಜಿ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. "ಅವನನ್ನು ಮೂಗ ಅನ್ನುತ್ತಾರೆ ಊರಿನವರು. ಮೂಗಿ ನಾನು. ನನ್ನ ಮೊಮ್ಮಗನ ಹೆಸರು ಹಿಡಿದು ಒಂದು ಸಲ ಕರೆದಿಲ್ಲ ನಾನು." ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಮರುಗಳಿಗೆಯಲ್ಲಿ ಮೊರವನ್ನು ಜೋರಾಗಿ ಕೊಡವಿದಳು. "ಆದರೆ ಹಟ್ಟಿಯಲ್ಲಿ ನಾನು ಮಾತಾಡುವುದು ದನದ ಹತ್ತಿರ. ಮಾಸ್ಟ್ರ ಕಾನೂನು ದನಕ್ಕೆ ಇಲ್ಲ. ಅಲ್ಲಿ ಬಂದು ಯಾರು ಕೂತರು, ಯಾರು ಕೇಳಿದರು, ಅದೆಲ್ಲ ನನಗೆ ಗೊತ್ತಿಲ್ಲ."

ಗೊತ್ತಾಯಿತಲ್ಲ? ಮಾರನೆಯ ದಿನದಿಂದ ಬೆಳಿಗ್ಗೆ ಸಂಜೆ ನಾನು ವಾಮನನನ್ನು ಕರೆದುಕೊಂಡು ಹೋಗಿ ಮಗುಚಿ ಹಾಕಿದ ಬುಟ್ಟಿಯ ಮೇಲೆ ಕೂರಿಸತೊಡಗಿದೆ. ಸ್ಲೇಟನ್ನು ಅಟ್ಟಕ್ಕೆ ಎಸೆದೆ. ಅಜ್ಜಿ ಅವನ ಕಡೆಗೆ ತಿರುಗಿಯೂ ನೋಡದೆ ಬೊಳ್ಳಿಗೆ ಎಲ್ಲವನ್ನೂ ವರದಿ ಮಾಡುವಳು. "ಬೊಳ್ಳೀ, ಯಾರೋ ಹೊಸ ಅಂಗಿ ಹಾಕಿ ಬಂದಿದ್ದಾರೆ. ಚಂದ ಉಂಟಾ? ಬೊಳ್ಳೀ, ಯಾರದೋ ಮೊಣಕಾಲಿಗೆ ಗಾಯ ಆಗಿದೆ. ಬಿದ್ದದ್ದಾ?" ಹಾಲು, ನೀರು, ಕೋಳಿ, ಬೆಕ್ಕು, ಕರು, ಬಿಸಿಲು, ಕಣ್ಣಿಗೆ ಬಿದ್ದದ್ದರ ಹೆಸರೆಲ್ಲ ತುಳುವಿನಲ್ಲಿ ಆ ಹಟ್ಟಿಯಲ್ಲಿ ಓಡಾಡಿತು. ಹೇಳು ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ಪ್ರಶ್ನೆ ಕೇಳುವಳು, ಹತ್ತು ಧಾರೆ ಹಾಲು ಕರೆಯುವಷ್ಟು ಹೊತ್ತು ಕಾಯುವಳು, ಯಾರೂ ಉತ್ತರ ಕೊಡದಿದ್ದರೆ ಬೊಳ್ಳಿಯ ಪರವಾಗಿ ತಾನೇ ಕೊಡುವಳು.

ಆ ಹತ್ತು ಧಾರೆಯಷ್ಟು ಹೊತ್ತು! ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ವಾಮನ ತುಟಿ ಅಲುಗಿಸಿದ ಕೂಡಲೇ ಉತ್ತರ ನನ್ನ ಬಾಯಿಂದ ಹಾರಿಬಿಡುತ್ತಿತ್ತು. ಮೂರನೆಯ ದಿನ ಅಜ್ಜಿ ಹಾಲಿನ ಕೈಯಲ್ಲೇ ನನ್ನ ತೊಡೆ ಚಿವುಟಿದಳು. "ಅವನ ಸರದಿಯಲ್ಲಿ ನೀನು ಬಾಯಿ ಹಾಕಬೇಡ. ಅವನಿಗೆ ದಾರಿ ಬಿಡು." ಆಮೇಲೆ ನಾನು ಬಾಯಲ್ಲಿ ಒಂದು ಹುಣಸೆ ಬೀಜ ಇಟ್ಟುಕೊಂಡೇ ಹಟ್ಟಿಗೆ ಹೋಗುತ್ತಿದ್ದೆ. ತಮ್ಮನಿಗೆ ಮಾತು ಕಲಿಸಲು ನಾನು ಮಾಡಿದ ದೊಡ್ಡ ಸಹಾಯವೆಂದರೆ ಅದೇ, ಬಾಯಿ ಮುಚ್ಚಿಕೊಂಡದ್ದು.

ಒಂದು ತಿಂಗಳು ಏನೂ ಆಗಲಿಲ್ಲ. ನಾನು ಸೋತೆ ಎಂದುಕೊಂಡ ದಿನ ಅಜ್ಜಿ ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಚಿಕ್ಕ ಚಿಕ್ಕ ಮಾತಿನಲ್ಲಿ ಬೊಳ್ಳಿಯನ್ನು ವಿಚಾರಿಸಿದಳು. ಅವಳಿಗೆ ಹಟವಿತ್ತು, ಅವಸರವಿರಲಿಲ್ಲ. ಅಂಥ ಹಟ ನನಗೆ ಇವತ್ತಿಗೂ ಬಂದಿಲ್ಲ.

ಎರಡನೆಯ ತಿಂಗಳಿನ ಒಂದು ಸಂಜೆ. ಹಾಲು ಕರೆದಾಗಿತ್ತು. ಕಂಬಕ್ಕೆ ಕಟ್ಟಿದ್ದ ಕರು ತಾಯಿಯ ಕಡೆಗೆ ಜಗ್ಗುತ್ತಿತ್ತು. ಕರುವೆಂದರೆ ವಾಮನನಿಗೆ ಪ್ರಾಣ. ಅಜ್ಜಿ ಹಗ್ಗದ ಗಂಟಿನ ಮೇಲೆ ಕೈಯಿಟ್ಟು, "ಬೊಳ್ಳೀ, ಇದನ್ನು ಬಿಡಲಾ?" ಎಂದು ಕೇಳಿ ಸುಮ್ಮನಾದಳು. ಕರು ಜಗ್ಗಿತು. ನಾನು ಹುಣಸೆ ಬೀಜವನ್ನು ಕಚ್ಚಿ ಹಿಡಿದೆ. ಅಜ್ಜಿ ಬಿಡಲಿಲ್ಲ, ಬೊಳ್ಳಿಯ ಪರವಾಗಿ ಉತ್ತರವನ್ನೂ ಕೊಡಲಿಲ್ಲ. ಹತ್ತು ಧಾರೆಯ ಹೊತ್ತು ಕಳೆಯಿತು, ಇಪ್ಪತ್ತು ಧಾರೆಯ ಹೊತ್ತು ಕಳೆಯಿತು.

"ಬುಡು" ಅಂದ ವಾಮನ. ಬಿಡು ಎಂದು. ಗೊಗ್ಗರು ದನಿ, ಮುದುಕನ ಹಾಗೆ.

ನಾನು ಕಿರಿಚಬೇಕೆಂದು ಬಾಯಿ ತೆರೆದೆ. ಅಜ್ಜಿ ಕಣ್ಣಲ್ಲೇ ಗದರಿದಳು. ತಕ್ಷಣ ಗಂಟು ಬಿಚ್ಚಿದಳು, ಕರು ಓಡಿತು, ವಾಮನ ಚಪ್ಪಾಳೆ ತಟ್ಟಿ ನಕ್ಕ. "ಕೇಳಿದೆಯಾ ಬೊಳ್ಳೀ?" ಅಂದಳು ಅಜ್ಜಿ. "ಬಿಡಬೇಕಂತೆ. ಬಿಟ್ಟಾಯಿತು."

ಮನೆಗೆ ಓಡಿ ಸಾರಬೇಕೆಂದಿದ್ದ ನನ್ನ ಜಡೆ ಹಿಡಿದು ನಿಲ್ಲಿಸಿದಳು. "ಈಗ ಹೇಳಿದರೆ ನಿನ್ನ ಅಪ್ಪ ನಾಳೆಯೇ ಪರೀಕ್ಷೆ ಮಾಡುತ್ತಾನೆ. ಹೇಳು ಹೇಳು ಅನ್ನುತ್ತಾನೆ. ಬಂದ ಮಾತು ಒಳಗೆ ಹೋಗುತ್ತದೆ. ಬೇರು ಇಳಿಯಲಿ." ಅಮ್ಮನಿಗೂ ಹೇಳಬಾರದೆಂದಳು. ಅದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ. ಅಮ್ಮ ಆ ದಿನಗಳಲ್ಲಿ ಒಲೆಯ ಮುಂದೆ ಎಷ್ಟು ಅತ್ತಳೋ. ಆದರೆ ಹೇಳಲಿಲ್ಲ. ನಾನು ಗುಟ್ಟು ಕಾಪಾಡಿದ್ದು ಇದೊಂದೇ ಸಲ, ಅದನ್ನೂ ನನ್ನ ಗಂಡ ಕೊನೆಯವರೆಗೂ ನಂಬಲಿಲ್ಲ.

ಬೇರು ಇಳಿಯಿತು. ಹಾಲು, ನೀರು, ಬಾ, ಹೋಗು. ಆಮೇಲೆ ಎರಡೆರಡು ಮಾತು ಜೋಡಿಸಿ. ಎಲ್ಲ ಹಟ್ಟಿಯಲ್ಲಿ, ಎಲ್ಲ ಬೊಳ್ಳಿಗೆ. ಹೊಸಿಲು ದಾಟಿ ಮನೆಯೊಳಗೆ ಬಂದರೆ ಮತ್ತೆ ಅದೇ ಬೆರಳು.

ದೀಪಾವಳಿ ಕಳೆಯಿತು. ಆ ಸೋಮವಾರವೂ ಬಂತು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೊಡೆ ಹಿಡಿದು ಬೆಳಗಿನ ಬಸ್ಸಿಗೆ ಹೊರಟು ನಿಂತರು. ಅಮ್ಮ ಬುತ್ತಿ ಕಟ್ಟಿಕೊಟ್ಟಳು. ಮಗುವಿಗೆ ಹೊಸ ಅಂಗಿ ಹಾಕಿದ್ದರು, ಮಗುವೇ ಇಲ್ಲ. ಅಪ್ಪ ಹುಡುಕುತ್ತಾ ಹಟ್ಟಿಯ ಕಡೆಗೆ ನಡೆದರು. ಹಿಂದೆ ಓಡುತ್ತಾ ನಾನು ಅಜ್ಜಿಯನ್ನು ಎಚ್ಚರಿಸಲೇ ಬೇಡವೇ ಎಂದು ಒದ್ದಾಡಿದೆ. ಕೊನೆಗೆ ಸುಮ್ಮನಾದೆ. ಕೇಳಲಿ, ಅವರೂ ಕೇಳಲಿ ಅನ್ನಿಸಿತು.

ಹೊಸ ಅಂಗಿ ತೊಟ್ಟ ವಾಮನ ಬೊಳ್ಳಿಯ ಮೂತಿಯ ಮುಂದೆ ನಿಂತಿದ್ದ. "ಬೊಳ್ಳೀ, ಬಸ್ಸ್. ಬರ್ಪನಾ?" ಎಂದು ಕೇಳಿದ. ಬರುತ್ತೀಯಾ ಎಂದು. ಕೇಳಿ, ಅಜ್ಜಿ ಕಾಯುವ ಹಾಗೆಯೇ ಕಾದ.

ಅಪ್ಪನ ಕೈಯಿಂದ ಕೊಡೆ ಬಿತ್ತು. "ಅಮ್ಮಾ, ಇದೇನು?" ಅಂದರು. ಕನ್ನಡದಲ್ಲೇ.

"ದನದ ಹತ್ತಿರ ಮಾತಾಡುತ್ತಿದ್ದೆ" ಅಂದಳು ಅಜ್ಜಿ, ಹಾಲು ಕರೆಯುವುದನ್ನು ನಿಲ್ಲಿಸದೆ. "ನಿನಗೆ ಕೊಟ್ಟ ಮಾತು ತಪ್ಪಿಲ್ಲ."

ಸೇತುವೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿತು. ಅಪ್ಪ ಕದಲಲಿಲ್ಲ. ಬಸ್ಸು ನಿಂತು, ಹೊರಟು, ಸದ್ದು ದೂರವಾಯಿತು. ಅಪ್ಪ ಇಸ್ತ್ರಿಯ ಪಂಚೆಯಲ್ಲೇ ಸಗಣಿ ನೆಲದ ಮೇಲಿದ್ದ ಬುಟ್ಟಿಯ ಮೇಲೆ ಕುಳಿತರು. ಅಜ್ಜಿಯ ಮುಖ ನೋಡಿ ಏನೋ ಹೇಳಲು ಹೊರಟರು, ಆಗಲಿಲ್ಲ. ಊರಿಗೆಲ್ಲ ಪಾಠ ಹೇಳುವ ಬಾಯಿ. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಆ ಕ್ಷಣ ಇಳಿದುಹೋಯಿತು. ಕನ್ನಡದಿಂದ ಮಾತು ನಿಂತದ್ದಲ್ಲ ಎಂದು ಇಂದು ನನಗೆ ಗೊತ್ತು. ಅದೇ ಕನ್ನಡದಲ್ಲಿ ಇದನ್ನು ಬರೆಯುತ್ತಿದ್ದೇನಲ್ಲ. ಮಗುವಿನ ಸುತ್ತ ಮಾತೇ ನಿಂತದ್ದರಿಂದ ನಿಂತದ್ದು. ಅಪ್ಪನಿಗೂ ಅಲ್ಲಿ ಕುಳಿತಾಗ ಅದು ತಿಳಿದಿರಬೇಕು.

ಕೊನೆಗೆ ಅವರು ಬೊಳ್ಳಿಯ ಕಡೆಗೆ ತಿರುಗಿದರು. ತುಳುವಿನಲ್ಲಿ ಮಾತಾಡಿದರು. "ಬೊಳ್ಳೀ, ನನ್ನ ತಾಯಿಯ ಹತ್ತಿರ ಹೇಳು. ಅವರು ಕೊಟ್ಟ ಮಾತನ್ನು ನಾನು ಹಿಂದಕ್ಕೆ ಕೊಟ್ಟಿದ್ದೇನೆ. ತಪ್ಪು ನನ್ನದು."

ಹಾಲಿನ ಸದ್ದು ನಿಂತಿತು. ಅಜ್ಜಿ ಚೆಂಬನ್ನು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ವಾಮನನ ಕಡೆಗೆ ಪೂರ್ತಿ ತಿರುಗಿ ಕುಳಿತು, ಎರಡೂ ಕೈ ಚಾಚಿದಳು.

"ಬಲ ಮಗಾ" ಅಂದಳು. ಬಾ ಮಗನೇ ಎಂದು. ಅವನು ಹುಟ್ಟಿದ ಮೇಲೆ ಅವಳು ಅವನಿಗೆಂದೇ ಆಡಿದ ಮೊದಲ ಮಾತು.

ವಾಮನ ಅಲುಗಲಿಲ್ಲ. ಅವನು ಕಂಡಂತೆ ಅಜ್ಜಿ ಮಗಾ ಎನ್ನುವುದು ಬೊಳ್ಳಿಯನ್ನು. ತಿರುಗಿ ಬೊಳ್ಳಿಯ ಮುಖ ನೋಡಿದ, ಅದು ಹೋಗುವುದನ್ನು ಕಾಯುತ್ತಾ ನಿಂತ.

ಅಜ್ಜಿಗೆ ನಗುವೂ ಬಂತು, ಅಳುವೂ ಬಂತು. ನಾನು ಮುಂದೆ ಬಂದು ತಮ್ಮನನ್ನು ದೂಡಬೇಕೆಂದಿದ್ದೆ. ಅಪ್ಪ ನನ್ನ ಕೈ ಹಿಡಿದರು. ಹತ್ತು ಧಾರೆಯ ಹೊತ್ತು ನಾವೆಲ್ಲ ಕಾದೆವು. ಆಮೇಲೆ ಅಜ್ಜಿ ಎರಡನೆಯ ಸಲ ಕರೆದಳು, ಈ ಸಲ ಹೆಸರು ಹಿಡಿದು.